ಖಾಲಿ ಗ್ವಾದಲಿಯ ಹುಲ್ಲು

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ.

ವಿಷಯ: ಬ್ಯಾಡಗಿಯ ಟಾಂಗಾ ಚಾಚಾ ಅವರನ್ನು ನೆನೆದು, ಅವರಿಗೆ ಹೇಳದೆ ಉಳಿದ ಒಂದು ಮಾತಿನ ಕುರಿತು.

ಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ರಾಣೇಬೆನ್ನೂರಿನ ಒಂದು ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತಳಾಗಿ ಇಷ್ಟು ವರ್ಷ ಬರೆದದ್ದೆಲ್ಲ ವರದಿ, ಜ್ಞಾಪನಾಪತ್ರ ಮತ್ತು ರಜೆಯ ಅರ್ಜಿ. ಮನಸ್ಸಿನ ಸಂಗತಿಯನ್ನು ಕಾಗದಕ್ಕೆ ಇಳಿಸುತ್ತಿರುವುದು ಇದೇ ಮೊದಲು. ಬೇರೆ ರೀತಿ ತಿಳಿಯದ ಕಾರಣ ತಿಳಿದ ರೀತಿಯಲ್ಲಿಯೇ ಬರೆಯುತ್ತಿದ್ದೇನೆ. ಕೆಲವೆಡೆ ಅಕ್ಷರ ಓರೆಯಾಗಿದೆ. ಬಲಗೈಯ ಹಳೆಯ ಗಾಯ ಬರೆಯುವಾಗ ಎಳೆಯುತ್ತದೆ. ಅದರ ಕಾರಣವೂ ಮುಂದೆ ಬರುತ್ತದೆ.

ಕಳೆದ ತಿಂಗಳು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತುಂಬಿದ ಮರದ ಪೆಟ್ಟಿಗೆಯೊಂದು ಬಂದಿತು. ಬಿಚ್ಚಿ ಪರಿಶೀಲಿಸುವುದು ನನ್ನ ಪಾಲಿನ ಕೆಲಸ. ಮುಚ್ಚಳ ಎತ್ತಿದಾಗ, ಗಾಜು ಒಡೆಯದಿರಲೆಂದು ಒಳಗೆ ತುರುಕಿದ್ದ ಒಣಹುಲ್ಲಿನ ವಾಸನೆ ಮುಖಕ್ಕೆ ಬಡಿಯಿತು. ಮಳೆ ಕಾಣದೆ, ಬಿಸಿಲಿನಲ್ಲಿ ಹದವಾಗಿ ಒಣಗಿದ ಕರಡ ಹುಲ್ಲಿನ ವಾಸನೆ. ನನಗೇ ಅರಿವಿಲ್ಲದೆ ಒಂದು ಕಡ್ಡಿ ತೆಗೆದು ಕಿವಿಯ ಬಳಿ ಹಿಡಿದು ಮುರಿದೆ. ಚಟ್ ಎಂದಿತು. ಆಮೇಲೆ ತಳದ ಗಾಜನ್ನು ಎತ್ತಲು ಹುಲ್ಲಿನೊಳಗೆ ಮೊಣಕೈವರೆಗೆ ಕೈ ಹಾಕಬೇಕಿತ್ತು... ಹಾಕಲಾಗಲಿಲ್ಲ. ಕೈ ತಾನಾಗಿ ಹಿಂದೆ ಸರಿಯಿತು. ಜವಾನನನ್ನು ಕರೆದು ತೆಗೆಸಿದೆ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲವದು. ನಾನು ಅವ್ವನೊಡನೆ ಬ್ಯಾಡಗಿಯಲ್ಲಿದ್ದೆ. ಬೆಳಗಿನ ಬಸ್ಸಿಗೆ ರಾಣೇಬೆನ್ನೂರು, ಸಂಜೆಯ ಬಸ್ಸಿಗೆ ಮನೆ. ಮದುವೆಯಾಗಿರಲಿಲ್ಲ, ಆಗುವ ಸೂಚನೆಯೂ ಉಳಿದಿರಲಿಲ್ಲ. ಆ ವರ್ಷ ಹಾವೇರಿಯಲ್ಲಿ ನಡೆದ ಕೃಷಿ ಪ್ರದರ್ಶನವೊಂದರಲ್ಲಿ ಒಂದು ಜೋಡಿ ಮೊಲ ಕೊಂಡು ತಂದೆ. ಸೋವಿಯತ್ ಚಿಂಚಿಲ್ಲಾ ಎಂಬುದು ಆ ತಳಿಯ ಹೆಸರು. ಕಡಲಾಚೆಯ ಬೆಟ್ಟಗಳಲ್ಲಿ ಚಿಂಚಿಲ್ಲಾ ಎಂಬ ಸಣ್ಣ ಪ್ರಾಣಿ ಇದೆಯೆಂದೂ, ಅದರ ತುಪ್ಪಳದ ಬಣ್ಣವೇ ಈ ಮೊಲಗಳಿಗೂ ಬಂದಿದೆಯೆಂದೂ ಮಾರುವವನು ವಿವರಿಸಿದ್ದ. ಮೇಲೆ ಬೂದಿ ಬಣ್ಣ; ಬಾಯಿಯಿಂದ ಗಾಳಿ ಊದಿದರೆ ತುಪ್ಪಳ ಸುಳಿಯಾಗಿ ತೆರೆದು ಒಳಗೆ ನೀಲಿ, ಬಿಳಿ, ಕಪ್ಪು ಉಂಗುರಗಳು ಕಾಣುತ್ತಿದ್ದವು. ಕಚೇರಿಯಿಂದ ಬಂದವಳೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅದೇ.

"ಚಿಂಚಿಲ್ಲಾ ಅಂತ, ಚಿಂಚಿಲ್ಲಾ! ಚಿಲ್ಲರ ಎಣಿಸಿದಂಗ ಕೇಳತೈತಿ," ಎಂದು ಅವ್ವ ನಗುತ್ತಿದ್ದಳು. "ಮಂದಿ ಮಕ್ಕಳನ್ನ ಆಡಸ್ತಾರ, ನನ್ನ ಮಗಳು ಮೊಲದ ಮೈಯಾಗ ಗಾಳಿ ಊದತಾಳ." ಹಾಗೆ ಅನ್ನುತ್ತಲೇ ಸೆರಗಿನ ಮರೆಯಲ್ಲಿ ಅವಕ್ಕೆ ಚುರುಮುರಿ ಹಾಕುತ್ತಿದ್ದಳು.

ಮೇವಿನ ವಿಷಯದಲ್ಲಿ ನಾನು ಏನೂ ಅರಿಯದವಳು. ಸಂತೆಯಲ್ಲಿ ಹಸಿರಾಗಿ ಕಂಡ ಹುಲ್ಲು ತಂದು ಹಾಕಿದೆ. ಮೆಣಸಿನ ಹೊಲದ ಬದುವಿನಲ್ಲಿ ಕೊಯ್ದ ಹುಲ್ಲಂತೆ ಅದು. ಮೆಣಸಿನ ಗಿಡಕ್ಕೆ ಹೊಡೆದ ಕೀಟನಾಶಕದ ಎಣ್ಣೆ ಬದುವಿನ ಹುಲ್ಲಿನ ಮೇಲೂ ಬಿದ್ದಿರುತ್ತದೆ ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಹೊಳೆಯಲಿಲ್ಲ. ಮೂರನೆಯ ದಿನ ಗಂಡು ಸತ್ತಿತು. ಆ ಹೊತ್ತಿಗೆ ಹೆಣ್ಣಿಗೆ ಗರ್ಭ ನಿಂತಿತ್ತು. ಅದು ಆ ಹುಲ್ಲನ್ನು ಹೇಗೋ ತಿನ್ನದೆ ಉಳಿದಿತ್ತು. ಉಳಿದದ್ದು ಅದೊಂದೇ. ಅದನ್ನು ಕಳೆದುಕೊಳ್ಳಬಾರದೆಂದು ನಾನು ಎಷ್ಟು ಬಯಸಿದ್ದೆನೆಂಬುದನ್ನು ಬರೆದರೆ ಜನ ನಗಬಹುದು.

"ಅತ್ತರ ಏನ್ ಬಂತು?" ಎಂದಳು ಅವ್ವ. "ಸ್ಟೇಶನ್ ಹಿಂದ ಟಾಂಗಾ ಚಾಚಾ ಅದಾನಲ್ಲ, ಅವನ ಕೇಳ ಹೋಗು. ಹುಲ್ಲಿನ ಜಾತಕ ಓದತಾನ ಅಂವ."

ಚಾಚಾ ಅವರನ್ನು ಊರಿನಲ್ಲಿ ಕಾಣದವರಿರಲಿಲ್ಲ. ರೈಲಿಗೆ ಬರುವ ಮೆಣಸಿನಕಾಯಿ ವ್ಯಾಪಾರಿಗಳನ್ನು ಬಹಳ ವರ್ಷ ತಮ್ಮ ಟಾಂಗಾದಲ್ಲಿ ಪೇಟೆಗೆ ತಂದವರು. ಕುದುರೆ ಸತ್ತ ಮೇಲೆ ಟಾಂಗಾ ಮಾರಿದರು. ಆದರೆ ತಗಡಿನ ಲಾಯವನ್ನು ಮಾತ್ರ ಹಾಗೆಯೇ ಇರಿಸಿಕೊಂಡು, ಎಮ್ಮೆ ಆಡು ಸಾಕಿದವರಿಗೆ ಹುಲ್ಲು ಆರಿಸಿ ಕೊಡುತ್ತಿದ್ದರು. ಬಿಳಿ ಗಡ್ಡ, ಎಡಗಣ್ಣಿಗೆ ಪೊರೆ; ನಡುವಿಗೆ ಕಟ್ಟಿದ ಲಾಯದ ಕೀಲಿ ನಡೆದಾಗಲೆಲ್ಲ ಸಣ್ಣಗೆ ಸದ್ದು ಮಾಡುತ್ತಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಮೊಲಾ ಸಾಕೀರಂತ? ಭಾರಿ ನಾಜೂಕ ಜೀವರೀ ಅದು. ಕುದುರಿ ಇದ್ದಂಗ. ತಿಂದದ್ದು ತಿರುಗಿ ಬಾಯಿಗೆ ತರಾಕ ಬರೂದಿಲ್ಲ ಅವಕ್ಕ. ಒಳಗ ಹೋತಂದ್ರ ಹೋತು," ಎಂದರು.

ಅವರು ಹುಲ್ಲು ನೋಡುವ ಕ್ರಮವನ್ನು ಅಂದು ಮೊದಲ ಬಾರಿಗೆ ಕಂಡೆ. ಸಿವುಡಿನ, ಎಂದರೆ ಹುಲ್ಲಿನ ಕಟ್ಟಿನ, ನಡುವಿನಿಂದ ಒಂದು ಹಿಡಿ ಎಳೆದು ಮೊದಲು ಮೂಸಿದರು. ಒಂದು ಕಡ್ಡಿಯನ್ನು ಕಿವಿಯ ಬಳಿ ಮುರಿದರು. ಚಟ್ ಎಂದರೆ ಒಣಗಿದೆ, ಸದ್ದಿಲ್ಲದೆ ಬಾಗಿದರೆ ಒಳಗೆ ನೀರಿದೆ. ಅನಂತರ ತಮ್ಮ ಕರಿ ಕೊಡೆಯನ್ನು ಬಿಚ್ಚಿ, ತಲೆಕೆಳಗು ಮಾಡಿ, ಅದರೊಳಗೆ ಹುಲ್ಲನ್ನು ಕೊಡವಿದರು. ಕರಿ ಬಟ್ಟೆಯ ಮೇಲೆ ಬಿದ್ದ ಧೂಳನ್ನು ನನಗೆ ತೋರಿಸಿದರು. "ಕೆಂಪಗಿದ್ರ ಮೆಣಸಿನಕಾಯಿ ಚೀಲದಾಗ ತಂದಾರ ಅಂತ ಅರ್ಥ. ಬೆಳ್ಳಗಿದ್ರ ಬೂಸಲು, ನೆನದು ಕೆಟ್ಟದ್ದು. ಇದು ನೋಡ್ರಿ, ಮಣ್ಣಿನ ಬಣ್ಣ. ಖರೇ ಹುಲ್ಲು."

ಹೆಚ್ಚಿನ ತಿನಿಸಿನ ಕುರಿತೂ ಅವರೇ ಹೇಳಿಕೊಟ್ಟರು. ಚುರುಮುರಿ ಕೂಡದು, ಹಸಿ ಶೇಂಗಾ ಕೂಡದು. ಪೇರಲದ ಎಲೆ ದಿನಕ್ಕೆ ಎರಡು ಆಗಬಹುದು. ಬಸಿರಿಗೆ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಒಣಗಿಸಿ ಒಂದು ಚಿಟಿಕೆ. ಬೆಲ್ಲವನ್ನಂತೂ ಮುಟ್ಟಿಸಲೇಬಾರದು.

"ಬೆಲ್ಲಾ ಹಚ್ಚಿದ್ರ ವಿಷಾನೂ ತಿಂತಾವರೀ ಮೂಕ ಪ್ರಾಣಿ," ಎಂದರು. ಆಮೇಲೆ ಕೊಡೆಯ ಧೂಳನ್ನು ಕೊಡವಿ ಮಡಚಿಟ್ಟರು.

ಇಷ್ಟೆಲ್ಲ ಆದ ಮೇಲೂ ಹುಲ್ಲನ್ನು ಕೊಡಲಿಲ್ಲ. "ನಮಾಜ್ ಮುಗಿಸ್ಕೊಂಡ ಬರತೇನಿ. ಅಂವ ನೋಡಲಿ," ಎಂದು ಸಿವುಡನ್ನು ಎತ್ತಿಕೊಂಡು ಲಾಯದೊಳಗೆ ಹೋದರು. ಅಂದು ಭಾನುವಾರ, ನಡುಹಗಲು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗುಡಿಸಿದ ನೆಲ. ತುಂಬಿದ ನೀರಿನ ಬಕೆಟ್ಟು. ಗೂಟಕ್ಕೆ ಕಟ್ಟಿದ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಹಿಂಬದಿಯ ತಗಡಿಗೆ ತಾಗಿ ಕಲ್ಲಿನ ಗ್ವಾದಲಿ, ಮೇವು ಹಾಕುವ ತೊಟ್ಟಿ. ಸಿವುಡನ್ನು ಅದರೊಳಗಿಟ್ಟು, ಖಾಲಿ ಜಾಗದ ಕಡೆಗೊಮ್ಮೆ ತಲೆ ಆಡಿಸಿ, ಹೊರಬಂದು ಬೀಗ ಹಾಕಿದರು.

ಅವರು ಮಸೀದಿಗೆ ಹೋಗಿ ಬರುವವರೆಗೂ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಅವರು ಬಂದು ಬೀಗ ತೆಗೆದರು. ಸಿವುಡಿನ ಎಡಗಡೆಯಲ್ಲಿ ಒಂದು ಹಿಡಿಯಷ್ಟು ಹುಲ್ಲು ಕಡಿಮೆಯಾಗಿತ್ತು. ಅಲ್ಲಿ ಕೆಲವು ಕಡ್ಡಿಗಳು ಉದ್ದಕ್ಕೆ ಹೊರಬಂದು ಜೋತಾಡುತ್ತಿದ್ದವು. ಮುಟ್ಟಿ ನೋಡಿದೆ. ತುದಿಗಳು ಒದ್ದೆಯಾಗಿದ್ದವು...

ಇಲಿ ಇರಬೇಕು ಎಂದುಕೊಂಡೆ. ಇಲಿ ಹುಲ್ಲನ್ನು ಕತ್ತರಿಸುತ್ತದೆ, ಎಳೆಯುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

"ಅಂವ ತಿಂದಾ ಅಂದ್ರ ಕಣ್ಣ ಮುಚ್ಚಿ ಒಯ್ರಿ," ಎಂದರು ಚಾಚಾ. "ಮುಟ್ಟಲಿಲ್ಲಾ ಅಂದ್ರ ನಾ ಸುಟ್ಟು ಬಿಡತೇನಿ. ಮಾರೂದಿಲ್ಲ."

ಕುದುರೆ ಸತ್ತ ಬಗೆಯನ್ನು ಅವರು ಇನ್ನೊಂದು ದಿನ ತಾವಾಗಿ ಹೇಳಿದರು. ಮಳೆಗಾಲದಲ್ಲಿ ಹುಲ್ಲು ಸಿಗದಾಗ ನೆನೆದು ಬೂಸಲು ಹಿಡಿದ ಸಿವುಡು ತಂದಿದ್ದರಂತೆ. ಕುದುರೆ ಮೂಸಿ ಮುಖ ತಿರುಗಿಸಿತಂತೆ. ಟಾಂಗಾ ಹೂಡಲೇಬೇಕಿತ್ತು, ಬೆಲ್ಲದ ನೀರು ಚಿಮುಕಿಸಿ ತಿನ್ನಿಸಿದರಂತೆ. ಮರುದಿನ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೊರಟವರನ್ನು ಕೂರಿಸಿಕೊಂಡು ಹೋಗುವಾಗ ನಡುದಾರಿಯಲ್ಲಿ ಅದು ಮೊಣಕಾಲೂರಿತು.

"ಅಂವ ಬ್ಯಾಡ ಅಂದಿದ್ದರೀ ಅಕ್ಕಾರ. ನಾ ಕೇಳಲಿಲ್ಲ. ಒಂದ ವರ್ಷ ಲಾಯದ ಬಾಗಲಾ ತಗೀಲಿಲ್ಲ ನಾ. ಆಮ್ಯಾಲ ಒಂದಿವಸ ಒಳಗ ಹುಲ್ಲ ಇಟ್ಟು ಮರತ ಹೋಗಿದ್ನಿ. ಬಂದ್ ನೋಡತೇನಿ, ತಿಂದಾನ! ನಾ ಕೊಟ್ಟದ್ದು ಅಂವ ಮತ್ತ ತಿಂದಾನ ಅಂದ್ರ... ನನಗ ಮಾಫ್ ಮಾಡ್ಯಾನ ಅಂತಲ್ಲೇನ್ರಿ?"

ಹೌದೆಂದು ತಲೆಯಾಡಿಸಿದೆ.

ಚಾಚಾ ಕೊಟ್ಟ ಹುಲ್ಲಿನಿಂದ ನನ್ನ ಚಿಂಚಿಲ್ಲಾ ಮೈ ತುಂಬಿಕೊಂಡಿತು. ಈ ನಡುವೆ ಅವ್ವ ಒಂದು ಸಂಗತಿಯನ್ನು ಗಮನಿಸಿದ್ದಳು. ಮಧ್ಯಾಹ್ನದ ಅಜಾನ್ ಕೇಳಿದೊಡನೆ ಮೊಲ ತಿನ್ನುವುದನ್ನು ಬಿಟ್ಟು, ಹಿಂಗಾಲ ಮೇಲೆ ಎದ್ದು, ಸ್ಟೇಶನ್ನಿನ ದಿಕ್ಕಿಗೆ ಕಿವಿ ನೆಟ್ಟು ನಿಲ್ಲುತ್ತಿತ್ತಂತೆ. ನಮಾಜು ಮುಗಿಯುವ ಹೊತ್ತಿಗೆ ಒಮ್ಮೆ ಹಿಂಗಾಲಿನಿಂದ ನೆಲಕ್ಕೆ ಬಡಿದು ಮತ್ತೆ ತಿನ್ನಲು ತೊಡಗುತ್ತಿತ್ತಂತೆ. "ಯಾರೋ ಕರದಂಗ ನಿಲ್ಲತೈತಿ ನೋಡು," ಎಂದು ಅವ್ವ ಮೆಲ್ಲಗೆ ಹೇಳಿದಳು. ಆ ಸಲ ನಗಲಿಲ್ಲ.

ಆಷಾಢದಲ್ಲಿ ಮಳೆ ಹಿಡಿಯಿತು. ಹೊಲದ ಬಣವೆಗಳು ನೆನೆದವು. ಚಾಚಾ ಒಂದು ಸಿವುಡು ತಂದು ಲಾಯದಲ್ಲಿಟ್ಟರು, ಮುಟ್ಟಿರಲಿಲ್ಲ, ಸುಟ್ಟರು. ಎರಡನೆಯದನ್ನು ಸುಟ್ಟರು. ಮೂರನೆಯದನ್ನೂ. ಮನೆಯಲ್ಲಿದ್ದ ಹುಲ್ಲು ಮುಗಿದಿತ್ತು. ಮೊಲ ಪೇರಲದ ಎಲೆಯನ್ನಷ್ಟೇ ಕಚ್ಚುತ್ತ, ಹೊಟ್ಟೆ ಹೊತ್ತುಕೊಂಡು ಮೂಲೆಯಲ್ಲಿ ಕೂರುತ್ತಿತ್ತು. ಈಯಲು ನಾಲ್ಕೈದು ದಿನ ಉಳಿದಿತ್ತು. ಎದೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗಾಗಿ ಹಾಸಲು ಆರಂಭಿಸಿತ್ತು.

ನಾಲ್ಕನೆಯ ಸಿವುಡನ್ನು ನಾನು ನೋಡಿದೆ. ಮೇಲೆ ಒಣಗಿತ್ತು, ಹೊಂಬಣ್ಣಕ್ಕಿತ್ತು. ಕಡ್ಡಿ ಚಟ್ ಎನ್ನುತ್ತಿತ್ತು. ಕೊಡೆಯ ಪರೀಕ್ಷೆಗೆ ಚಾಚಾ ಮೇಲಿನ ಹುಲ್ಲನ್ನಷ್ಟೇ ಎಳೆದರು. ಹಗ್ಗ ಬಿಗಿಯಾಗಿತ್ತು, ಅವರ ಕೈಯಲ್ಲೂ ಶಕ್ತಿ ಕುಂದಿತ್ತು. "ನಾಳಿ ಶುಕ್ರವಾರ. ಜುಮ್ಮಾ ನಮಾಜ್ ಹೊತ್ತಿಗೆ ಇಡತೇನಿ. ಅಂವ ಏನ್ ಹೇಳತಾನ ನೋಡೂಣು," ಎಂದರು.

ಇದನ್ನೂ ಮುಟ್ಟಿಲ್ಲವೆಂದು ಸುಟ್ಟುಬಿಟ್ಟರೆ? ಒಳ್ಳೆಯ ಹುಲ್ಲು, ಒಂದು ಹಳೆಯ ಭ್ರಮೆಗಾಗಿ ಬೂದಿಯಾದರೆ? ರಾತ್ರಿಯೆಲ್ಲ ಇದೇ ಯೋಚನೆ. ಶುಕ್ರವಾರ ಅರ್ಧ ದಿನದ ರಜೆಗೆ ಅರ್ಜಿ ಬರೆದೆ. ಕಾರಣ ಎಂಬಲ್ಲಿ 'ಸ್ವಂತ ಕೆಲಸದ ನಿಮಿತ್ತ' ಎಂದು ನಮೂದಿಸಿದ್ದು ಇಂದಿಗೂ ನೆನಪಿದೆ.

ಲಾಯದ ಹಿಂದೆ ಒಂದು ಓಣಿ. ಗ್ವಾದಲಿಗೆ ಸರಿಯಾಗಿ ಮೇಲೆ ಎರಡು ತಗಡುಗಳ ನಡುವೆ ಕೈ ಹಿಡಿಯುವಷ್ಟು ಸಂದಿ ಇತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದೆ. ಹುಲ್ಲು ಬೆರಳಿಗೆ ಸಿಕ್ಕಿತು. ಎಡಗಡೆಯಿಂದಲೇ ಒಂದು ಹಿಡಿ ಎಳೆದು ಚೀಲಕ್ಕೆ ಹಾಕಿದೆ. ಇನ್ನಷ್ಟು ಇರಲೆಂದು ಮತ್ತೆ ಕೈ ಹಾಕಿದೆ.

ಆಗ ಅಂಗೈಯ ಹಿಂಬದಿಗೆ ಬಿಸಿ ತಾಗಿತು. ತಗಡಿನ ಕಾವು ಎಂದುಕೊಂಡೆ. ಆದರೆ ಆ ಬಿಸಿ ತೇವವಾಗಿತ್ತು, ಮತ್ತು ನಿಂತು ನಿಂತು ಬರುತ್ತಿತ್ತು. ಒಮ್ಮೆ ಬಂತು... ಹೋಯಿತು... ಮತ್ತೆ ಬಂತು. ಬಿರುಸಾದ ಎರಡು ಮೂರು ಕೂದಲು ಮಣಿಕಟ್ಟನ್ನು ಸವರಿದವು. ಕೈಯನ್ನು ಎಳೆದುಕೊಂಡ ರಭಸಕ್ಕೆ ತಗಡು ಗೀರಿ ರಕ್ತ ಬಂದಿತು. ಆ ಗುರುತು ಈಗಲೂ ಇದೆ.

ಸೆರಗಿನಲ್ಲಿ ಕೈ ಸುತ್ತಿಕೊಂಡು ಮುಂಬಾಗಿಲಿಗೆ ಬಂದು ಏನೂ ಆಗದವಳಂತೆ ಕಟ್ಟೆಯ ಮೇಲೆ ಕುಳಿತೆ. ಚಾಚಾ ಬಂದರು, ಬೀಗ ತೆಗೆದರು. ಸಿವುಡು ಗ್ವಾದಲಿಯಲ್ಲಿ ಇರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಮಗುಚಿ ಬಿದ್ದಿತ್ತು. ಗ್ವಾದಲಿಗೂ ಬಾಗಿಲಿಗೂ ಐದಾರು ಮಾರು ದೂರ. ನಾನು ಅದನ್ನು ಹಿಂದಿನಿಂದ ಎಳೆದಿದ್ದೆನೇ ಹೊರತು ಮುಂದಕ್ಕೆ ನೂಕಿರಲಿಲ್ಲ. ಯಾರೋ ಮೂತಿಯಿಂದ ಎತ್ತಿ ಹೊರಗೆ ಒಗೆದಂತೆ ಇತ್ತು.

ಚಾಚಾ ಬಾಗಿ, ಪೊರೆ ಬಂದ ಕಣ್ಣಿಗೆ ನಂಬಿಕೆ ಸಾಲದೆ, ಕೈಯಿಂದ ಸಿವುಡನ್ನು ತಡವಿದರು. ಎಡಗಡೆಯ ಖಾಲಿ ಜಾಗ ಬೆರಳಿಗೆ ಸಿಕ್ಕಿತು. ಮುಖ ಅರಳಿತು. "ತಿಂದಾನ! ನೋಡ್ರಿ ಅಕ್ಕಾರ, ತಿಂದಾನ!" ಆಮೇಲೆ ತುಸು ಅನುಮಾನಿಸಿದರು. "ಆದ್ರ ಇದು ಇಲ್ಲಿ ಯಾಕ ಬಿದ್ದೈತಿ?"

"ಎಳಿಯೂವಾಗ ಬಿದ್ದಿರಬೇಕ್ರಿ ಚಾಚಾ," ಎಂದೆ.

ನಾನು ಹೇಳಿದ್ದು ಅಷ್ಟೇ.

ಮನೆಯಲ್ಲಿ ಆ ಹುಲ್ಲನ್ನು ಹಾಕಿದಾಗ ಮೊಲ ಮೂಸಿ ಹಿಂದೆ ಸರಿಯಿತು. ತಾನು ಹಾಸಿದ ತುಪ್ಪಳದ ಮೇಲೆ ಹೋಗಿ ಕುಳಿತು ನನ್ನನ್ನೇ ನೋಡಿತು. ಹಸಿದು ಬಸವಳಿದಿದೆ, ರುಚಿ ಹತ್ತಿದರೆ ತಿಂದೀತು ಎಂದು ನಾನು ಬೆಲ್ಲದ ನೀರು ಚಿಮುಕಿಸಿದೆ. ಹೌದು, ಚಿಮುಕಿಸಿದೆ. ತಿಂದಿತು. ಮೂರನೆಯ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. ಮರಿಗಳು ಹೊಟ್ಟೆಯಲ್ಲಿಯೇ ಉಳಿದವು. ಅವ್ವ ಅದನ್ನು ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದಳು. ಆಮೇಲೆ ಸಿವುಡಿನ ಹಗ್ಗವನ್ನು ಕೊಯ್ದು ಬಿಡಿಸಿದೆ. ನಡುವಿನಿಂದ ಬಿಳಿಯ ಪುಡಿ ಹೊಗೆಯಂತೆ ಎದ್ದಿತು.

ಚಾಚಾ ಅವರಿಗೆ ತಿಳಿಸಲು ಹೋದೆ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ಹೋತೇನು?"

"ಹೋತ್ರಿ."

"ಅದ ಹುಲ್ಲೇನು?"

ತಲೆಯಾಡಿಸಿದೆ. ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು. ಅಲ್ಲಿಯವರೆಗೂ ಅಕ್ಕಾರ ಎನ್ನುತ್ತಿದ್ದವರು ಅಂದು ಬೇರೆಯಾಗಿ ಕರೆದರು.

"ಬೇಟಿ, ಅಂವ ಎಂದೂ ಸುಳ್ಳ ಹೇಳಿಲ್ಲ. ಇಷ್ಟ ವರ್ಷದಾಗ ಒಂದ ಸಲಾನೂ ತಪ್ಪಿಲ್ಲ. ಅಂದ್ರ... ಅಂವ ಬೇಕಂತ ಮಾಡ್ಯಾನ. ನಾ ಅವಂಗ ಹಾಕಿದ್ನಲ್ಲ ಅಂಥಾ ಹುಲ್ಲು, ಅದನ್ನ ಅಂವ ನನ್ನ ಕೈಲೆ ಮತ್ತೊಂದ ಜೀವಕ್ಕ, ಬಸರಿ ಜೀವಕ್ಕ ಹಾಕಿಸ್ಯಾನ. ಮಾಫ್ ಮಾಡ್ಯಾನ ಅಂತ ತಿಳದಿದ್ನಿ. ಮಾಡಿಲ್ಲ. ದಾರಿ ಕಾಯಾಕತ್ತಿದ್ದ ಅಂವ."

ಒಂದು ವಾಕ್ಯ ಸಾಕಿತ್ತು. ಹುಲ್ಲು ಎಳೆದವಳು ನಾನು, ನಿಮ್ಮ ಕುದುರೆ ಅದನ್ನು ಬಾಗಿಲಿಗೆ ಒಗೆದು ಬೇಡ ಎಂದಿತ್ತು, ಎಂಬ ಒಂದೇ ವಾಕ್ಯ. ನಾಲಗೆಯ ತುದಿಯವರೆಗೆ ಬಂದಿತ್ತು. ಸೆರಗಿನೊಳಗೆ ಕೈಯ ಗಾಯವನ್ನು ಒತ್ತಿ ಹಿಡಿದು ನಿಂತಿದ್ದೆ. ನಾಚಿಕೆಯೋ ಭಯವೋ... "ಬರತೇನ್ರಿ ಚಾಚಾ" ಎಂದಷ್ಟೇ ಹೇಳಿ ಬಂದುಬಿಟ್ಟೆ.

ಆ ವಾರವೇ ಅವರು ಬಕೆಟ್ಟಿನ ನೀರು ಚೆಲ್ಲಿ, ಗೂಟದ ಹಗ್ಗ ಬಿಚ್ಚಿದರಂತೆ. ಶ್ರಾವಣದಲ್ಲಿ ಕುಮಾರಪಟ್ಟಣದ ಮಗಳ ಮನೆಗೆ ಹೋದರು. ಅವರನ್ನು ಕಂಡು ಹೇಳಿಬಿಡಬೇಕೆಂದು ಎರಡು ಸಲ ಬಸ್ಸು ಹತ್ತಿದೆ. ಎರಡು ಸಲವೂ ನಡುದಾರಿಯ ರಾಣೇಬೆನ್ನೂರಿನಲ್ಲಿ ಇಳಿದು ಮರಳಿದೆ. ಮೂರನೆಯ ಸಲ ಹೊರಡುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂದಿತು. ಕೊನೆಯ ದಿನಗಳಲ್ಲಿ ಅವರು ಹೊಳೆಯ ದಡದಲ್ಲಿ ಕರಿಕೆ ಹುಲ್ಲು ಕಿತ್ತು ತಂದು ಹೊಸ್ತಿಲ ಹೊರಗಿಟ್ಟು, ಬೆಳಿಗ್ಗೆ ತಡವಿ ನೋಡುತ್ತಿದ್ದರೆಂದು ಸುದ್ದಿ ತಂದವರು ಹೇಳಿದರು. ಕರಿಕೆ ಯಾವಾಗಲೂ ಇಟ್ಟ ಹಾಗೆಯೇ ಇರುತ್ತಿತ್ತಂತೆ.

ಅವ್ವನೂ ಈಗಿಲ್ಲ. ನಾನು ಮತ್ತೆ ಯಾವ ಪ್ರಾಣಿಯನ್ನೂ ಸಾಕಲಿಲ್ಲ.

ಶಾಲೆಗೆ ಬಂದ ಪೆಟ್ಟಿಗೆಯ ಹುಲ್ಲನ್ನು ಎಸೆಯಲು ಮನಸ್ಸಾಗದೆ ಚೀಲದಲ್ಲಿ ಮನೆಗೆ ತಂದೆ. ಕಳೆದ ಶುಕ್ರವಾರ ಅರ್ಧ ದಿನದ ರಜೆಗೆ ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ ಅಂದು ಬರೆದದ್ದನ್ನೇ ಬರೆದು, ಚೀಲ ಹಿಡಿದು ಬ್ಯಾಡಗಿಯ ಸ್ಟೇಶನ್ ಹಿಂದಕ್ಕೆ ಹೋದೆ. ಲಾಯವಿದ್ದ ಜಾಗದಲ್ಲಿ ಈಗ ಕೋಲ್ಡ್ ಸ್ಟೋರೇಜಿಗೆ ಬರುವ ಲಾರಿಗಳು ನಿಲ್ಲುತ್ತವೆ. ಕಲ್ಲಿನ ಗ್ವಾದಲಿ ಮಾತ್ರ ಅರ್ಧ ಮಣ್ಣಿನಲ್ಲಿ ಹೂತು ಗೋಡೆಯ ಬದಿಗೆ ಉಳಿದಿದೆ. ಅದರೊಳಗಿನ ಮಣ್ಣನ್ನು ಕೈಯಿಂದ ಬಳಿದು ಹುಲ್ಲನ್ನು ಇಟ್ಟೆ. ಅಜಾನ್ ಆಯಿತು. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, ಖಾಲಿ ಜಾಗದ ಕಡೆ ತಿರುಗಿ, "ಅವತ್ತ ಹುಲ್ಲ ಎಳದಾಕಿ ನಾನು. ಚಾಚಾಂದು ತಪ್ಪಿಲ್ಲ. ನಿಂದೂ ತಪ್ಪಿಲ್ಲ," ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ದೂರ ಹೋಗಿ ಗೋಡೆಯ ನೆರಳಿನಲ್ಲಿ ಕುಳಿತೆ.

ನಮಾಜು ಮುಗಿದು ಜನ ಮರಳುವಾಗ ಎದ್ದು ಬಂದೆ. ಹುಲ್ಲು ಇಟ್ಟ ಹಾಗೆಯೇ ಇತ್ತು. ಎಡಗಡೆಯನ್ನು ಎರಡೆರಡು ಸಲ ತಡವಿದೆ. ಒಂದು ಕಡ್ಡಿಯೂ ಹೊರಬಂದಿರಲಿಲ್ಲ, ಯಾವ ತುದಿಯೂ ಒದ್ದೆಯಾಗಿರಲಿಲ್ಲ. ಒಂದನ್ನು ಕಿವಿಯ ಬಳಿ ಮುರಿದೆ. ಚಟ್ ಎಂದಿತು. ಹುಲ್ಲು ಒಳ್ಳೆಯದೇ ಇತ್ತು. ತಿನ್ನುವವರು ಇರಲಿಲ್ಲ.

ಚಾಚಾ ಮಾಡುತ್ತಿದ್ದಂತೆ ಅದನ್ನು ಅಲ್ಲಿಯೇ ಸುಟ್ಟು, ಬೂದಿ ತಣ್ಣಗಾಗುವವರೆಗೆ ನಿಂತಿದ್ದು ಮನೆಗೆ ಬಂದೆ. ಬಂದವಳೇ ಇದನ್ನು ಬರೆಯಲು ಕುಳಿತೆ.

ಈ ಬರಹದಲ್ಲಿ ಕಾಗುಣಿತ, ಒತ್ತಕ್ಷರ ಅಥವಾ ವಾಕ್ಯದ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಾವೇ ತಿದ್ದಿಕೊಂಡು ಓದಬೇಕೆಂದು ಕೋರುತ್ತೇನೆ. ತಿದ್ದಲು ಬರುವಂಥವು ಅವಷ್ಟೇ.